ಫೈಟರ್ ಮೀನು ಮಂಕಾದರೆ ಮೊದಲು ನೀರು ನೋಡಿ

ಫೈಟರ್ ಮೀನು ಊಟ ಬಿಟ್ಟಿತೆಂದರೆ ಮನೆಯವರು ಮೊದಲು ಓಡುವುದು ಅಕ್ವೇರಿಯಂ ಅಂಗಡಿಗೆ. ಅಲ್ಲಿಂದ ಒಂದು ನೀಲಿ ಬಾಟಲಿ, ಒಂದು ಹಳದಿ ಪುಡಿ, ಜೊತೆಗೆ ‘ಎರಡು ಹನಿ ಹಾಕಿ, ಸರಿಹೋಗುತ್ತೆ’ ಎಂಬ ಮಾತು ಮನೆಗೆ ಬರುತ್ತದೆ. ಮೀನಿಗೆ ಏನಾಗಿದೆ ಎಂದು ಅಷ್ಟು ಹೊತ್ತಿಗೆ ಯಾರೂ ಸರಿಯಾಗಿ ನೋಡಿರುವುದಿಲ್ಲ. ಬೆಟ್ಟಾ ಎಂದೂ ಕರೆಯುವ ಈ ಮೀನನ್ನು ಸಾಕುವವರಲ್ಲಿ ನನ್ನದೊಂದು ಕೋರಿಕೆ: ಔಷಧದ ಮುಚ್ಚಳ ತೆಗೆಯುವ ಮುಂಚೆ ನೀರನ್ನು ಪರೀಕ್ಷಿಸಿ. ಮನೆಗಳಲ್ಲಿ ಕಾಯಿಲೆ ಬೀಳುವ ಬೆಟ್ಟಾಗಳಲ್ಲಿ ಹೆಚ್ಚಿನವು ಮೊದಲು ಕೆಟ್ಟ ನೀರಿನಿಂದಲೋ ತಣ್ಣನೆಯ ನೀರಿನಿಂದಲೋ ಸೊರಗಿದವು. ರೋಗಾಣು ಮೇಲೆ ಬೀಳುವುದು ಆಮೇಲೆ, ಮೀನಿನ ಮೈ ಸೋತ ಮೇಲೆ.

ಥಾಯ್ಲೆಂಡಿನ ಛಾವೊ ಫ್ರಾಯಾ ನದಿ ಬಯಲಿನ ಗದ್ದೆ, ಜೌಗು, ನಿಧಾನಕ್ಕೆ ಹರಿಯುವ ಕಾಲುವೆಗಳು ಈ ಮೀನಿನ ತವರು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಬೆಚ್ಚಗಿದ್ದು ಆಮ್ಲಜನಕ ಕಡಿಮೆ ಇರುವ ನೀರಿನಲ್ಲಿ ಬದುಕಬೇಕಾದ್ದರಿಂದ ಇದರ ಕಿವಿರುಗಳ ಮೇಲ್ಭಾಗದಲ್ಲಿ ಲ್ಯಾಬಿರಿಂತ್ ಎಂಬ, ಮಡಿಕೆ ಮಡಿಕೆಯಾದ ಅಂಗವೊಂದಿದೆ. ಮೇಲೆ ಬಂದು ಬಾಯಿಗೆ ತುಂಬಿಕೊಂಡ ಗಾಳಿಯಿಂದಲೇ ಅದು ಆಮ್ಲಜನಕವನ್ನು ರಕ್ತಕ್ಕೆ ಸೇರಿಸುತ್ತದೆ. ‘ಗಾಳಿ ಕುಡಿದು ಬದುಕುವ ಮೀನು, ಉಪ್ಪಿನಕಾಯಿ ಜಾಡಿ ಸಾಕು’ ಎಂಬ ತಪ್ಪು ತಿಳಿವಳಿಕೆ ಹುಟ್ಟಿದ್ದು ಇಲ್ಲಿಂದ. ಲ್ಯಾಬಿರಿಂತ್ ಉಸಿರಿನ ಕಷ್ಟವನ್ನಷ್ಟೇ ತೀರಿಸುತ್ತದೆ. ಮೀನು ಕಿವಿರಿನಿಂದ ಸದಾ ಹೊರಬಿಡುವ ಅಮೋನಿಯಾ, ಮಲ ಮತ್ತು ಕೊಳೆತ ಆಹಾರದಿಂದ ಹುಟ್ಟುವ ಅಮೋನಿಯಾ ಎಲ್ಲವೂ ಆ ಜಾಡಿಯಲ್ಲೇ ಉಳಿದು ಮತ್ತೆ ಅದೇ ಕಿವಿರನ್ನು ಸುಡುತ್ತವೆ. ಅಂಗಡಿಗಳಲ್ಲಿ ಅಂಗೈಯಗಲದ ಡಬ್ಬಿಗಳನ್ನು ಸಾಲಾಗಿ ಜೋಡಿಸಿ ಇವನ್ನು ಮಾರುವುದರಿಂದ ಈ ನಂಬಿಕೆ ಇನ್ನಷ್ಟು ಗಟ್ಟಿಯಾಗಿದೆ. ಅದು ಮಾರುವವರ ಅನುಕೂಲ, ಸಾಕುವ ಕ್ರಮವಲ್ಲ. ಒಂದು ಬೆಟ್ಟಾಗೆ ಕನಿಷ್ಠ 15ರಿಂದ 20 ಲೀಟರ್ ನೀರು, ಹಾರಿ ಆಚೆ ಬೀಳದಂತೆ ಮುಚ್ಚಳ, ಮೆಲ್ಲಗೆ ಕೆಲಸ ಮಾಡುವ ಸ್ಪಾಂಜ್ ಫಿಲ್ಟರ್ ಬೇಕೇ ಬೇಕು.

ನಿಜಕ್ಕೂ ಕಾಯಿಲೆಯೇ?

ಬೆಟ್ಟಾ ಎಲೆಯ ಮೇಲೆ ಒರಗಿ, ಕೆಲವೊಮ್ಮೆ ಪೂರ್ತಿ ಮಗ್ಗುಲಾಗಿ ನಿದ್ದೆ ಮಾಡುತ್ತದೆ. ದೀಪ ಹಾಕಿದೊಡನೆ ಎದ್ದು ಈಜಿದರೆ ಗಾಬರಿ ಬೇಡ. ನೀರಿನ ಮೇಲೆ ನೊರೆಗೂಡು ಕಟ್ಟುವುದು ಗಂಡಿನ ಸಹಜ ಗುಣ. ಆಗಾಗ ಮೇಲೆ ಬಂದು ಗಾಳಿ ನುಂಗುವುದೂ ಹಾಗೆಯೇ. ಹರಿದಿದ್ದ ರೆಕ್ಕೆಯ ಅಂಚಿನಲ್ಲಿ ಬಣ್ಣವಿಲ್ಲದ ತೆಳು ಪೊರೆ ಕಂಡರೆ ಅದು ಹೊಸದಾಗಿ ಬೆಳೆಯುತ್ತಿರುವ ರೆಕ್ಕೆ. ಅದನ್ನೇ ಫಂಗಸ್ ಎಂದುಕೊಂಡು ಔಷಧ ಸುರಿದು, ವಾಸಿಯಾಗುತ್ತಿದ್ದ ಮೀನನ್ನು ಕೆಡಿಸುವವರಿದ್ದಾರೆ.

ಚಿಂತೆಗೆ ಕಾರಣವಾದ ಲಕ್ಷಣಗಳೇ ಬೇರೆ. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿರುವುದು, ಬಣ್ಣ ಮಸುಕಾಗಿ ಮೈಮೇಲೆ ಉದ್ದ ಪಟ್ಟೆಗಳು ಮೂಡುವುದು, ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಅಲ್ಲೇ ನಿಂತು ಕಿವಿರುಗಳನ್ನು ಜೋರಾಗಿ ಆಡಿಸುವುದು, ಕಲ್ಲಿಗೋ ಹೀಟರಿಗೋ ಮೈ ಉಜ್ಜಿಕೊಳ್ಳುವುದು, ಎರಡು ದಿನ ಕಳೆದರೂ ಮೀನಿನ ಆಹಾರದ ಕಾಳು ಮುಟ್ಟದಿರುವುದು. ಇವುಗಳಲ್ಲಿ ಒಂದು ಕಂಡರೂ ಅವತ್ತೇ ಕೆಲಸ ಶುರು ಮಾಡಬೇಕು.

ಮೊದಲ ಒಂದು ಗಂಟೆ

ಆಹಾರ ನಿಲ್ಲಿಸಿ. ಆರೋಗ್ಯವಾಗಿದ್ದ ದೊಡ್ಡ ಬೆಟ್ಟಾಗೆ ಎರಡು ದಿನ ಉಪವಾಸದಿಂದ ಏನೂ ಆಗುವುದಿಲ್ಲ, ತಿನ್ನದೆ ಬಿಟ್ಟ ಕಾಳು ಕೊಳೆತರೆ ಮಾತ್ರ ನೀರು ಇನ್ನಷ್ಟು ಕೆಡುತ್ತದೆ. ಆಮೇಲೆ ಥರ್ಮಾಮೀಟರ್ ಇಳಿಬಿಡಿ. ಬೆಟ್ಟಾಗೆ ಹಿತವಾದ ಉಷ್ಣಾಂಶ 25ರಿಂದ 28 ಡಿಗ್ರಿ ಸೆಲ್ಸಿಯಸ್. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಬೆಂಗಳೂರು, ಮೈಸೂರು, ಮಡಿಕೇರಿಯ ಮನೆಗಳಲ್ಲಿ ನೀರು ಇದಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ. ಸಣ್ಣ ಬಟ್ಟಲಿನ ನೀರಂತೂ ಕೋಣೆಯ ಚಳಿಯನ್ನೇ ಹಿಂಬಾಲಿಸುತ್ತದೆ. ತಣ್ಣಗಾದ ನೀರಿನಲ್ಲಿ ಮೀನಿನ ಜೀರ್ಣಶಕ್ತಿ ಕುಂದುತ್ತದೆ, ರೋಗ ತಡೆಯುವ ಬಲವೂ ಕುಂದುತ್ತದೆ. ಚಳಿಗಾಲದಲ್ಲಿ ಮಂಕಾಗಿ ತಳ ಹಿಡಿದ ಎಷ್ಟೋ ಫೈಟರ್‌ಗಳಿಗೆ ಬೇಕಾಗಿರುವುದು ತಾನಾಗಿ ಆನ್ ಆಗಿ ಆಫ್ ಆಗುವ 25 ಅಥವಾ 50 ವ್ಯಾಟಿನ ಹೀಟರ್, ಅಷ್ಟೆ. ಅದನ್ನು 26ಕ್ಕೆ ಇಡಿ, ಆದರೆ ತಣ್ಣಗಿರುವ ನೀರನ್ನು ಒಂದೇ ಸಲ ಏರಿಸಬೇಡಿ. ಒಂದು ಡಿಗ್ರಿ ಏರಲು ಒಂದೆರಡು ಗಂಟೆ ಹಿಡಿದರೆ ಒಳ್ಳೆಯದು. ನೀರಿಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿಡುವುದನ್ನು ಮನೆಯ ಮಕ್ಕಳಿಗೂ ರೂಢಿ ಮಾಡಿಸಿ.

ಕಲಬುರಗಿ, ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಕಷ್ಟ ಇದಕ್ಕೆ ತಿರುಗುಮುರುಗು. ನೀರು 32 ದಾಟಿದರೆ ಮುಚ್ಚಳದ ಬದಲು ಬಲೆ ಕಟ್ಟಿ, ನೀರಿನ ಮೇಲೆ ಸಣ್ಣ ಫ್ಯಾನಿನ ಗಾಳಿ ಹಾಯಿಸಿ. ಐಸ್ ತುಂಡು ಹಾಕಬೇಡಿ.

ಉಷ್ಣಾಂಶ ಸರಿಯಿದ್ದರೆ ಮುಂದಿನ ಅನುಮಾನ ಅಮೋನಿಯಾದ ಮೇಲೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಮೀನಿಗಿಂತ ಕಿಟ್ಟಿನ ಬೆಲೆಯೇ ಹೆಚ್ಚೆಂದು ಹಿಂಜರಿಯಬೇಡಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20 ಪಿಪಿಎಂ ಆಸುಪಾಸಿನಲ್ಲಿದ್ದರೆ ನೀರು ಚೆನ್ನಾಗಿದೆ ಎಂದರ್ಥ. ನೀರು ತಿಳಿಯಾಗಿ ಕಾಣುವುದು ಯಾವುದಕ್ಕೂ ಸಾಕ್ಷಿಯಲ್ಲ, ಅಮೋನಿಯಾಗೆ ಬಣ್ಣವೇ ಇಲ್ಲ.

ಅಮೋನಿಯಾ ಏಕೆ ಏರಿತು ಎಂಬುದು ಹೆಚ್ಚಾಗಿ ಮನೆಯವರ ಶುಚಿತ್ವದಲ್ಲೇ ಅಡಗಿರುತ್ತದೆ. ಫಿಲ್ಟರಿನ ಸ್ಪಾಂಜಿನಲ್ಲಿ, ತಳದ ಕಲ್ಲುಗಳ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಅವು ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಭಾನುವಾರ ಬಂತೆಂದರೆ ಮೀನನ್ನು ಮಗ್ಗಿಗೆ ಹಾಕಿ, ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಕಲ್ಲು ತೊಳೆದು, ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಂಡಿದರೆ ಆ ಜೀವಿಗಳೆಲ್ಲ ಹೋದವು. ಮಂಗಳವಾರದ ಹೊತ್ತಿಗೆ ಮೀನು ಮಂಕಾಗಿರುತ್ತದೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಸ್ಪಾಂಜನ್ನು ಮೂರ್ನಾಲ್ಕು ಸಲ ಹಿಂಡಿದರೆ ಸಾಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು.

ಈಗ ಮೀನು ಮಂಕಾಗಿದೆ, ಕಿಟ್ ಅಮೋನಿಯಾ ತೋರಿಸುತ್ತಿದೆ. ಆಗಲೂ ನೀರೆಲ್ಲ ಚೆಲ್ಲಬೇಡಿ. ಬಹಳ ದಿನ ಬದಲಿಸದೆ ಬಿಟ್ಟ ನೀರಿನ ಪಿಎಚ್ ಕೆಳಗಿಳಿದಿರುತ್ತದೆ, ಅಂಥ ನೀರಿನಲ್ಲಿ ಅಮೋನಿಯಾದ ಬಹುಪಾಲು ಅಷ್ಟಾಗಿ ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಅದಕ್ಕೆ ನಮ್ಮ ಕಡೆಯ ಕ್ಷಾರೀಯ ಬೋರ್‌ವೆಲ್ ನೀರನ್ನು ಒಮ್ಮೆಗೇ ಸುರಿದರೆ ಪಿಎಚ್ ಏರಿ, ಅದೇ ಅಮೋನಿಯಂ ಮತ್ತೆ ವಿಷದ ರೂಪಕ್ಕೆ ತಿರುಗುತ್ತದೆ. ಪಿಎಚ್ ಒಂದು ಅಂಕ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ‘ಹೊಸ ನೀರು ಹಾಕಿದ ಮೇಲೇ ಸತ್ತುಹೋಯಿತು’ ಎಂದು ಜನ ಅಚ್ಚರಿಪಡುವುದು ಇಂಥ ಕಡೆ. ಆದ್ದರಿಂದ ಒಂದು ಸಲಕ್ಕೆ ಐದರಲ್ಲೊಂದು ಭಾಗದಿಂದ ಕಾಲು ಭಾಗ ಮಾತ್ರ ತೆಗೆದು, ಅಷ್ಟೇ ಹೊಸ ನೀರನ್ನು ಸಣ್ಣ ಪೈಪಿನಲ್ಲಿ ನಿಧಾನಕ್ಕೆ ಬಿಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹೀಗೆ ಕಿಟ್ ಸೊನ್ನೆ ತೋರಿಸುವವರೆಗೆ ಮುಂದುವರಿಸಿ.

ಹೊಸ ನೀರು ಎಲ್ಲಿಂದ ಬಂದದ್ದು ಎಂಬುದೂ ಮುಖ್ಯ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ತುರ್ತಿದ್ದರೆ ಅಂಗಡಿಯಲ್ಲಿ ಆ್ಯಂಟಿಕ್ಲೋರಿನ್ ಎಂದು ಕೊಡುವ ಸೋಡಿಯಂ ಥಯೋಸಲ್ಫೇಟ್ ಬಳಸಬಹುದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಟ್ಯಾಂಕರ್ ನೀರಿಗೆ ಬಿದ್ದವು. ಅಂಥ ದಿನಗಳಲ್ಲಿ ಸಂಪಿಗೆ ಇಳಿಯುವ ನೀರು ಈ ವಾರ ಒಂದು ಥರ, ಮುಂದಿನ ವಾರ ಇನ್ನೊಂದು ಥರ. ಮನೆಯ ನೀರಿನ ಮೂಲ ಬದಲಾದ ವಾರ ಬದಲಿಸುವ ಪ್ರಮಾಣವನ್ನು ಇನ್ನೂ ಕಡಿಮೆ ಮಾಡಿ. ಪೂರ್ತಿ ಆರ್‌ಒ ನೀರು ಬೇಡ, ಅದರಲ್ಲಿ ಮೀನಿಗೆ ಬೇಕಾದ ಖನಿಜಗಳೇ ಉಳಿದಿರುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಮನೆಯವರೆಲ್ಲರಿಗೂ ಕೇಳಿ: ನಿನ್ನೆ ಮೊನ್ನೆ ಕೋಣೆಯಲ್ಲಿ ಏನಾದರೂ ಸ್ಪ್ರೇ ಮಾಡಿದಿರಾ? ಸೊಳ್ಳೆ, ಜಿರಳೆಗೆ ಹೊಡೆಯುವ ಔಷಧಗಳಲ್ಲಿರುವ ಪೈರಿಥ್ರಾಯ್ಡ್‌ಗಳು ಮೀನಿಗೆ ಘೋರ ವಿಷ, ಬೆಟ್ಟಾ ಉಸಿರಾಡುವುದೋ ನೀರಿನ ಮೇಲಿನ ಗಾಳಿಯನ್ನು. ಹಬ್ಬದ ಸ್ವಚ್ಛತೆಯ ಫಿನಾಯಿಲ್, ಹೊಸ ಪೇಂಟಿನ ವಾಸನೆ, ಸೋಪಿನ ಕೈಯನ್ನು ಹಾಗೆಯೇ ತೊಟ್ಟಿಗೆ ಇಳಿಸಿದ್ದು, ಇವೂ ಪಟ್ಟಿಯಲ್ಲಿರಲಿ.

ಟಾರ್ಚ್ ಹಿಡಿದು ನೋಡುವುದು

ನೀರು ಸರಿಮಾಡಿದ ಮೇಲೆ ಮೀನಿನ ಮೈ ನೋಡಿ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಗಾಜಿಗೆ ನೇರವಾಗಿ ಹಿಡಿಯದೆ ಮೇಲಿನಿಂದ ಓರೆಯಾಗಿ ಹಿಡಿಯಿರಿ. ಬೆಳಕು ಬೆನ್ನಿನ ಮೇಲೆ ಜಾರುವಂತಿರಬೇಕು. ಮೀನು ಹೊರಳಿದಾಗ ತಲೆಯಿಂದ ಬೆನ್ನಿನವರೆಗೆ ಚಿನ್ನದ ಅಥವಾ ತುಕ್ಕಿನ ಬಣ್ಣದ ಸಣ್ಣ ಧೂಳು ಮಿಂಚಿದರೆ ಅದು ವೆಲ್ವೆಟ್ ರೋಗ. ಹಗಲು ಬೆಳಕಿನಲ್ಲಿ ಇದು ಸುಲಭಕ್ಕೆ ಕಾಣುವುದಿಲ್ಲ, ಅದಕ್ಕೇ ಬಹಳ ಮೀನುಗಳು ಹೆಸರಿಲ್ಲದ ಕಾಯಿಲೆಯಿಂದ ಸತ್ತಂತೆ ಸಾಯುತ್ತವೆ. ವೆಲ್ವೆಟ್ ತರುವ ಪರಾವಲಂಬಿಯಲ್ಲಿ ಗಿಡಗಳಲ್ಲಿರುವಂಥ ಹರಿತ್ತು ಇದೆ, ಬೆಳಕು ಅದಕ್ಕೆ ಆಹಾರ. ತೊಟ್ಟಿಗೆ ದಪ್ಪ ಬಟ್ಟೆ ಹೊದಿಸಿ ಕತ್ತಲು ಮಾಡಿ. ಅದರ ಜೊತೆಗೆ ವೆಲ್ವೆಟ್‌ಗೆಂದೇ ಸಿಗುವ ತಾಮ್ರದ ಅಂಶವಿರುವ ಔಷಧವನ್ನು ಲೇಬಲ್ಲಿನಲ್ಲಿ ಹೇಳಿದ ಪ್ರಮಾಣದಲ್ಲಿ ಹಾಕಿ. ಬಸವನಹುಳು, ಸೀಗಡಿ ಇರುವ ತೊಟ್ಟಿಗೆ ತಾಮ್ರ ಕೂಡದು, ಅವು ಸಾಯುತ್ತವೆ.

ಧೂಳಿನಂತಿರದೆ ಎಣಿಸಬಹುದಾದ ಬಿಳಿ ಚುಕ್ಕೆಗಳಿದ್ದರೆ ಅದು ಇಕ್ ಎಂಬ ಪರಾವಲಂಬಿ ರೋಗ. ಈ ಪರಾವಲಂಬಿ ಮೀನಿನ ಚರ್ಮದೊಳಗೆ ಇರುವಾಗ ಯಾವ ಔಷಧವೂ ಅದನ್ನು ಮುಟ್ಟುವುದಿಲ್ಲ. ಅದು ಮೈಯಿಂದ ಉದುರಿ, ತಳದಲ್ಲಿ ನೂರಾರು ಮರಿಗಳಾಗಿ ಒಡೆದು, ಆ ಮರಿಗಳು ಹೊಸ ಮೀನು ಹುಡುಕುತ್ತ ಈಜುವಾಗ ಮಾತ್ರ ಸಾಯುತ್ತವೆ. ಚುಕ್ಕೆ ಮಾಯವಾದ ದಿನವೇ ಔಷಧ ನಿಲ್ಲಿಸಿದರೆ ವಾರದಲ್ಲಿ ಮತ್ತೆ ಬರುವುದು ಇದೇ ಕಾರಣಕ್ಕೆ. ಶಾಖವನ್ನು ನಿಧಾನಕ್ಕೆ 29 ಡಿಗ್ರಿಗೆ ಏರಿಸಿದರೆ ಈ ಚಕ್ರ ಬೇಗ ತಿರುಗುತ್ತದೆ. ಹತ್ತರಿಂದ ಹದಿನಾಲ್ಕು ದಿನ ಚಿಕಿತ್ಸೆ ಬಿಡಬೇಡಿ.

ಬಾಯಿಯ ಸುತ್ತ ಅಥವಾ ಬೆನ್ನಿನ ಮೇಲೆ ಬಿಳಿಬೂದು ತೇಪೆ ಮೂಡಿ, ಒಂದೆರಡು ದಿನದಲ್ಲೇ ಹರಡಿದರೆ ಮಾತ್ರ ಎಚ್ಚರ. ನೋಡಲು ಫಂಗಸ್ಸಿನಂತಿದ್ದರೂ ಇದು ಕೊಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗ. ಇಕ್‌ಗೆ ಒಳ್ಳೆಯದಾದ ಶಾಖ ಇದಕ್ಕೆ ಕೆಟ್ಟದ್ದು, ಬೆಚ್ಚಗಾದಷ್ಟೂ ಇದು ವೇಗವಾಗಿ ಕೊಲ್ಲುತ್ತದೆ. ಉಷ್ಣಾಂಶವನ್ನು 25ರ ಹತ್ತಿರ ಹಿಡಿದಿಟ್ಟು, ತಡಮಾಡದೆ ಮೀನಿನ ಬಗ್ಗೆ ತಿಳಿದ ಪಶುವೈದ್ಯರನ್ನು ಕೇಳಿ.

ರೆಕ್ಕೆಯ ವಿಷಯ ಹೆಚ್ಚು ಜನರನ್ನು ಕಾಡುತ್ತದೆ. ಅಂಚು ಕಪ್ಪಾಗಿ ಅಥವಾ ಕೆಂಪಾಗಿ ದಿನದಿಂದ ದಿನಕ್ಕೆ ಸವೆಯುತ್ತ ಬಂದರೆ ಫಿನ್ ರಾಟ್, ರೆಕ್ಕೆ ಕೊಳೆಯುವ ರೋಗ. ರಾತ್ರಿ ಇದ್ದ ಬಾಲದಲ್ಲಿ ಬೆಳಿಗ್ಗೆ ಅರ್ಧಚಂದ್ರದಷ್ಟು ತುಂಡು ಕಾಣೆಯಾಗಿದ್ದರೆ ಮೀನೇ ತನ್ನ ಬಾಲ ಕಚ್ಚಿಕೊಂಡಿದೆ. ಉದ್ದ ಬಾಲದ ಹಾಫ್‌ಮೂನ್ ತಳಿಗಳಲ್ಲಿ, ಫಿಲ್ಟರಿನ ನೀರು ರಭಸವಾಗಿದ್ದಾಗ ಇದು ಹೆಚ್ಚು. ಸೀಳಿದಂತಿದ್ದರೆ ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿ ಹರಿದದ್ದು. ಆ ಗಿಡ ಎಸೆದು ರೇಷ್ಮೆ ಬಟ್ಟೆಯ ಗಿಡವನ್ನೋ ನಿಜವಾದ ಗಿಡವನ್ನೋ ಇಡಿ. ಮೂರಕ್ಕೂ ಶುದ್ಧವಾದ ಬೆಚ್ಚಗಿನ ನೀರೇ ಮೊದಲ ಚಿಕಿತ್ಸೆ, ಆರಂಭದ ಫಿನ್ ರಾಟ್ ಬಹುತೇಕ ಅಷ್ಟರಿಂದಲೇ ನಿಲ್ಲುತ್ತದೆ. ಬೀದಿಬದಿಯ ಕಾಡುಬಾದಾಮಿ ಮರದಿಂದ ತಾನಾಗಿ ಒಣಗಿ ಉದುರಿದ ಎಲೆ ಒಂದನ್ನು ಚೆನ್ನಾಗಿ ತೊಳೆದು ಹಾಕಬಹುದು. ಅದರ ಟ್ಯಾನಿನ್ ನೀರಿಗೆ ಚಹಾದ ಬಣ್ಣ ಬಿಟ್ಟು, ಪಿಎಚ್ ತುಸು ಇಳಿಸುತ್ತದೆ, ಮೀನಿಗೂ ಹಿತ. ಹಣ ಕೊಟ್ಟು ಪೊಟ್ಟಣದಲ್ಲಿ ತರುವುದೂ ಇದೇ ಎಲೆಯನ್ನು. ವಾಹನಗಳ ಹೊಗೆ, ಕೀಟನಾಶಕ ತಾಗದ ಜಾಗದಿಂದ ಆರಿಸಿಕೊಳ್ಳಿ.

ಹೊಟ್ಟೆ ಉಬ್ಬಿದಾಗ

ಮೀನು ತಲೆಕೆಳಗಾಗಿ ತೇಲುತ್ತಿದ್ದರೆ, ಮುಳುಗಲು ಹೆಣಗುತ್ತಿದ್ದರೆ, ಬಹಳ ಸಲ ಅದು ಅತಿಯಾಗಿ ತಿಂದದ್ದರ ಫಲ. ಬೆಟ್ಟಾದ ಹೊಟ್ಟೆ ಬಹಳ ಚಿಕ್ಕದು. ಹೊತ್ತಿಗೆ ಎರಡು ಮೂರು ಕಾಳಿನಂತೆ ದಿನಕ್ಕೆ ಎರಡು ಸಲ ಸಾಕು. ಇದು ಹುಳ ತಿನ್ನುವ ಮೀನು, ಅನ್ನದ ಅಗುಳು, ಬ್ರೆಡ್, ಮಂಡಕ್ಕಿ ಇದರ ಆಹಾರವಲ್ಲ. ಬೇಯಿಸಿದ ಬಟಾಣಿ ಕೊಡಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ, ಮಾಂಸಾಹಾರಿ ಮೀನಿಗೆ ಅದಕ್ಕಿಂತ ಡ್ಯಾಫ್ನಿಯಾ ಎಂಬ ಸಣ್ಣ ನೀರುಜೀವಿ ಒಳ್ಳೆಯದೆಂದು ನನ್ನ ಅಭಿಪ್ರಾಯ. ಎರಡು ದಿನ ಉಪವಾಸ ಹಾಕಿ, ನೀರಿನ ಮಟ್ಟ ಇಳಿಸಿ, ಗಾಳಿಗಾಗಿ ಏರುವ ಶ್ರಮ ಕಡಿಮೆ ಮಾಡಿ. ಇಳಿಯದಿದ್ದರೆ ಎಪ್ಸಂ ಸಾಲ್ಟ್ ಸ್ನಾನ ಮಾಡಿಸಬಹುದು: ಮೆಡಿಕಲ್ ಶಾಪಿನ ಸುವಾಸನೆಯಿಲ್ಲದ ಎಪ್ಸಂ ಸಾಲ್ಟನ್ನು ಲೀಟರಿಗೆ 3ರಿಂದ 4 ಗ್ರಾಂನಂತೆ ತೊಟ್ಟಿಯಷ್ಟೇ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಹತ್ತರಿಂದ ಹದಿನೈದು ನಿಮಿಷ ಮೀನನ್ನು ಅದರಲ್ಲಿಡಿ. ಹತ್ತಿರದಲ್ಲೇ ಕುಳಿತಿರಿ, ಮೀನು ಮಗುಚಿದರೆ ಕೂಡಲೇ ತೆಗೆಯಿರಿ.

ಮೇಲಿನಿಂದ ನೋಡಿದಾಗ ಹುರುಪೆಗಳೆಲ್ಲ ಎದ್ದು ನಿಂತು ಮೈ ಹಲಸಿನ ಕಾಯಿಯಂತೆ ಮುಳ್ಳುಮುಳ್ಳಾಗಿ ಕಂಡರೆ ಅದು ಡ್ರಾಪ್ಸಿ. ಮೂತ್ರಪಿಂಡ ಕೈಕೊಟ್ಟು ದೇಹದೊಳಗೆ ನೀರು ತುಂಬಿದೆ ಎಂದರ್ಥ. ಆ ಹಂತದಿಂದ ಮರಳುವ ಮೀನುಗಳು ಕಡಿಮೆ. ಸುಳ್ಳು ಭರವಸೆ ಇಟ್ಟುಕೊಂಡು ದಿನಕ್ಕೊಂದು ಔಷಧ ಬದಲಿಸುತ್ತ ಅದನ್ನು ಗೋಳಾಡಿಸುವುದು ಬೇಡ.

ಔಷಧ ಹಾಕಲೇಬೇಕಾದರೆ

ಚಿಕಿತ್ಸೆಗೆ ಐದರಿಂದ ಹತ್ತು ಲೀಟರಿನ ಪ್ರತ್ಯೇಕ ಪಾರದರ್ಶಕ ಡಬ್ಬಿ ಇಟ್ಟುಕೊಳ್ಳಿ. ತಳದಲ್ಲಿ ಕಲ್ಲು ಬೇಡ, ಹೀಟರ್ ಮತ್ತು ಅಡಗಲು ಒಂದು ಎಲೆ ಇರಲಿ, ನೀರನ್ನು ದಿನಾ ಬದಲಿಸಿ. ಇಕ್, ವೆಲ್ವೆಟ್ ಆದರೆ ಮಾತ್ರ ಮೂಲ ತೊಟ್ಟಿಗೂ ಚಿಕಿತ್ಸೆ ಬೇಕು, ಇಲ್ಲವೇ ಅದನ್ನು ಕೆಲವು ವಾರ ಮೀನಿಲ್ಲದೆ ಬಿಡಬೇಕು. ಅಂಗಡಿಯವರು ಕೊಡುವ ನೀಲಿ ಬಾಟಲಿ ಬಹುತೇಕ ಮಿಥಿಲೀನ್ ಬ್ಲೂ. ಫಂಗಸ್ಸಿಗೆ ಅದು ಒಳ್ಳೆಯದೇ, ಆದರೆ ಮೂಲ ತೊಟ್ಟಿಗೆ ಸುರಿದರೆ ಸ್ಪಾಂಜಿನ ಉಪಕಾರಿ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಹಸಿರು ಮ್ಯಾಲಕೈಟ್ ಗ್ರೀನ್ ಮನುಷ್ಯರಿಗೂ ಹಾನಿ, ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗದಂತಿಡಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ, ಅದು ಔಷಧವನ್ನು ಹೀರಿಕೊಳ್ಳುತ್ತದೆ.

ಕಲ್ಲುಪ್ಪನ್ನು ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ, ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸುವುದು ಹಳೆಯ, ನಂಬಬಹುದಾದ ಉಪಾಯ. ಹತ್ತು ದಿನ ಮೀರಬಾರದು. ಉಪ್ಪು ಆವಿಯಾಗುವುದಿಲ್ಲವಾದ್ದರಿಂದ ತೆಗೆದ ನೀರಿಗಷ್ಟೇ ಲೆಕ್ಕ ಹಾಕಿ ಮತ್ತೆ ಸೇರಿಸಿ. ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂದು ಅಂದಾಜಿಸಬೇಡಿ: ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 30, 20, 25 ಆದರೆ 15 ಲೀಟರ್.

ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ಒಡೆದು ನೀರಿಗೆ ಹಾಕುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಪ್ರಮಾಣ ತಿಳಿಯದೆ ಹಾಕಿದ ಔಷಧಕ್ಕೆ ರೋಗಾಣು ಒಗ್ಗಿಕೊಳ್ಳುತ್ತದೆ, ಆ ನೀರು ಕೊನೆಗೆ ನಮ್ಮ ಚರಂಡಿಗೇ ಸೇರುತ್ತದೆ. ಮೀನಿಗೂ ವೈದ್ಯರಿದ್ದಾರೆ. ದೇಶದ ಮೊದಲ ಮೀನುಗಾರಿಕೆ ಕಾಲೇಜು ಶುರುವಾದದ್ದೇ ನಮ್ಮ ಮಂಗಳೂರಿನಲ್ಲಿ, 1969ರಲ್ಲಿ. ಹತ್ತಿರದ ಪಶುವೈದ್ಯರು ಮೀನು ನೋಡದಿದ್ದರೆ ಮೀನುಗಾರಿಕೆ ಓದಿದವರನ್ನು ವಿಚಾರಿಸಿ. ಮೀನಿನ ವಿಡಿಯೊ, ನೀರಿನ ಪರೀಕ್ಷೆಯ ಅಂಕಿಗಳು, ಈವರೆಗೆ ಹಾಕಿದ ಔಷಧದ ಹೆಸರು ನಿಮ್ಮ ಕೈಯಲ್ಲಿರಲಿ.

ಬೆಟ್ಟಾದ ಆಯಸ್ಸು ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ. ಅಂಗಡಿಯಲ್ಲಿ ಕೊಂಡ ದೊಡ್ಡ ಗಂಡು ಆಗಲೇ ಕೆಲವು ತಿಂಗಳು ಕಳೆದಿರುತ್ತದೆ. ಮೂರು ವರ್ಷದ ಮೀನು ನಿಧಾನವಾಗಿದ್ದರೆ ಅದಕ್ಕೆ ಔಷಧವಿಲ್ಲ, ನೀರಿನ ಮೇಲ್ಮೈಗೆ ಹತ್ತಿರ ಒರಗಲು ಅಗಲ ಎಲೆಯೊಂದನ್ನು ಇಟ್ಟುಕೊಡಿ. ಉಳಿಯುವುದಿಲ್ಲವೆಂದು ಖಚಿತವಾಗಿ, ನರಳುತ್ತಿದ್ದರೆ, ನೋವಿಲ್ಲದೆ ಕಳಿಸುವ ಬಗ್ಗೆ ವೈದ್ಯರನ್ನೇ ಕೇಳಿ. ಜೀವ ಇರುವಾಗ ಶೌಚದ ಗುಂಡಿಗೆ ಸುರಿಯುವುದು, ಫ್ರೀಜರಿಗೆ ಹಾಕುವುದು ಕ್ರೌರ್ಯ. ಕೆರೆಗೆ ಬಿಡುವುದು ಅದಕ್ಕಿಂತ ಕೆಟ್ಟದ್ದು, ಅದರ ರೋಗ ಅಲ್ಲಿನ ಮೀನುಗಳಿಗೆ ಹರಡುತ್ತದೆ.

ಮೀನು ಸತ್ತ ತೊಟ್ಟಿಗೆ ಮರುದಿನವೇ ಹೊಸದನ್ನು ತಂದು ಬಿಡಬೇಡಿ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಂಡೇ ತೊಟ್ಟಿ ತೊಳೆಯಿರಿ. ಮೀನಿನ ಕ್ಷಯದ ಗುಂಪಿಗೆ ಸೇರಿದ ಬ್ಯಾಕ್ಟೀರಿಯಾವೊಂದು ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ಹತ್ತುತ್ತದೆ, ವಾರಗಟ್ಟಲೆ ಮಾಯದ ಗಂಟಾಗಿ ಕಾಡುತ್ತದೆ. ಹಾಗೇನಾದರೂ ಆದರೆ ಮೀನು ಸಾಕಿರುವ ವಿಷಯವನ್ನು ಡಾಕ್ಟರಿಗೆ ಮರೆಯದೆ ಹೇಳಿ. ಹಳೆಯ ಸ್ಪಾಂಜ್, ಗಿಡಗಳನ್ನು ಎಸೆದು, ಗಾಜನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದು, ವಾಸನೆ ಹೋಗುವವರೆಗೆ ಜಾಲಿಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಹೊಸ ಸ್ಪಾಂಜ್ ಹಾಕಿ ಫಿಲ್ಟರ್ ಓಡಿಸುತ್ತ ದಿನಾ ಒಂದೆರಡು ಕಾಳು ಹಾಕಿ ಕೊಳೆಯಲು ಬಿಡಿ, ಆ ಅಮೋನಿಯಾದಿಂದಲೇ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅಮೋನಿಯಾ ಮೊದಲು ಏರಿ, ಆಮೇಲೆ ನೈಟ್ರೈಟ್ ಏರಿ, ಎರಡೂ ಸೊನ್ನೆಗಿಳಿದು ಒಂದು ವಾರ ಹಾಗೆಯೇ ನಿಂತ ಮೇಲೆ ಅಂಗಡಿಗೆ ಹೋಗಿ.